ಬಯೋಟೆಕ್, ಡಿಸೈನ್, ಹವಾಮಾನ: ಮೂರನ್ನೂ ಹಿಡಿದು ಕೆಲಸ ಮಾಡಬೇಕೆಂದರೆ ಎಲ್ಲಿಂದ ಶುರು?

ಚಿಗುರು:
ಬಯೋಟೆಕ್ನಾಲಜಿ ಓದಿದವರು ಡಿಸೈನ್ ಕಡೆಗೂ ಹವಾಮಾನ ಪರಿಹಾರದ ಕಡೆಗೂ ಒಟ್ಟಿಗೆ ಹೋಗಲು ದಾರಿ ಯಾವುದು? ಅಣಬೆಯ ಪ್ಯಾಕಿಂಗ್, ಬ್ಯಾಕ್ಟೀರಿಯಾ ನೇಯ್ದ ಹಾಳೆ, ಜೈವಿಕ ಸಿಮೆಂಟ್ ಎಂದೆಲ್ಲ ಓದಲು ಸಿಗುತ್ತದೆ. ಆದರೆ ಈ ಕೆಲಸದಲ್ಲಿರುವವರು ದಿನವಿಡೀ ಏನು ಮಾಡುತ್ತಾರೆ, ಮೊದಲ ಪ್ರಾಜೆಕ್ಟ್ ಯಾವುದಾದರೆ ಒಳ್ಳೆಯದು, ಇನ್ನೊಂದು ಪದವಿ ಬೇಕೇ ಬೇಕೇ ಅನ್ನುವುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ತಿಳಿದವರು ವಿವರವಾಗಿ ಬರೆದರೆ ಉಪಕಾರ.

ಕಾರ್ಬನ್ ಲೆಕ್ಕ:
ಈ ಕ್ಷೇತ್ರದಲ್ಲಿ ಸುಂದರ ಮಾದರಿ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಜೀವಿ ಬೆಳೆಸುವುದು ಗೊತ್ತಿರುವವರೂ ಇದ್ದಾರೆ. ಆ ಮಾದರಿ ನಿಜಕ್ಕೂ ಹೊರಸೂಸುವಿಕೆ ಕಡಿಮೆ ಮಾಡುತ್ತದೆಯೇ ಎಂದು ಲೆಕ್ಕ ಹಾಕಿ, ಆ ಲೆಕ್ಕಕ್ಕೆ ತಕ್ಕಂತೆ ಆಕಾರವನ್ನೋ ಪ್ರಕ್ರಿಯೆಯನ್ನೋ ಬದಲಿಸಬಲ್ಲವರು ತೀರಾ ಕಡಿಮೆ. ನೀವು ನಿಲ್ಲಬೇಕಾದ ಜಾಗ ಅದು.

ಒಂದು ಲೆಕ್ಕ ಮಾಡಿಯೇ ತೋರಿಸುತ್ತೇನೆ. ಕವಕಜಾಲ, ಅಂದರೆ ಮೈಸಿಲಿಯಂ, ಬೆಳೆಸಿದ ಫಲಕವನ್ನು ಥರ್ಮಾಕೋಲ್ ಬದಲಿಗೆ ಶಾಖ ನಿರೋಧಕವಾಗಿ ಬಳಸುತ್ತೇವೆ ಎಂದುಕೊಳ್ಳಿ. ಹೆಚ್ಚಿನವರು ಒಂದು ಕೆಜಿಗೆ ಒಂದು ಕೆಜಿ ಹೋಲಿಸುತ್ತಾರೆ. ಅದು ತಪ್ಪು. ಹೋಲಿಸಬೇಕಾದದ್ದು ಒಂದೇ ಕೆಲಸ ಮಾಡುವ ಪ್ರಮಾಣವನ್ನು. ಒಂದು ಚದರ ಮೀಟರ್ ಗೋಡೆಗೆ ಉಷ್ಣ ನಿರೋಧ 1 ಸಿಗಬೇಕಾದರೆ ಬೇಕಾಗುವ ತೂಕ = ಉಷ್ಣ ವಾಹಕತೆ × ಸಾಂದ್ರತೆ. ಥರ್ಮಾಕೋಲ್‌ಗೆ 0.035 × 20 = 0.7 ಕೆಜಿ. ಕವಕಜಾಲದ ಫಲಕಕ್ಕೆ ಒಳ್ಳೆಯ ಅಂಕಿಯನ್ನೇ ಹಿಡಿದರೂ 0.05 × 100 = 5 ಕೆಜಿ. ಏಳು ಪಟ್ಟು ಹೆಚ್ಚು ವಸ್ತು!

ಈಗ ಒಣಗಿಸುವ ಖರ್ಚು ನೋಡಿ. ಬೆಳೆದ ಫಲಕದಲ್ಲಿ ನೂರಕ್ಕೆ 65 ನೀರು. ಒಂದು ಕೆಜಿ ಒಣ ಫಲಕ ಸಿಗಬೇಕಾದರೆ ಸುಮಾರು 1.86 ಕೆಜಿ ನೀರು ಆರಬೇಕು. ಒಂದು ಕೆಜಿ ನೀರನ್ನು ಬಿಸಿ ಮಾಡಿ ಆವಿ ಮಾಡಲು ಕನಿಷ್ಠ 0.7 ಯೂನಿಟ್ ಶಕ್ತಿ ಬೇಕು. ಅಂದರೆ ಒಂದು ಕೆಜಿ ಫಲಕಕ್ಕೆ 1.3 ಯೂನಿಟ್. ಓವನ್ನಿನ ದಕ್ಷತೆ ನೂರಕ್ಕೆ 40 ಎಂದು ಹಿಡಿದರೆ ಸುಮಾರು 3.25. ಒಂದು ಯೂನಿಟ್ ವಿದ್ಯುತ್ತಿಗೆ ಅರ್ಧ ಕೆಜಿ ಕಾರ್ಬನ್ ಡೈಆಕ್ಸೈಡ್ ಬೀಳುವ ಜಾಲದಲ್ಲಿ 5 ಕೆಜಿ ಫಲಕ ಒಣಗಿಸುವಷ್ಟರಲ್ಲೇ 8 ಕೆಜಿ ಹೊರಬಿತ್ತು. ಥರ್ಮಾಕೋಲ್‌ಗೆ ಕೆಜಿಗೆ ಸುಮಾರು 3 ಎಂದರೂ 0.7 ಕೆಜಿಗೆ ಬರುವುದು 2.1 ಮಾತ್ರ.

ಹಾಗಾದರೆ ಅಣಬೆ ಫಲಕ ಬೇಡವೇ? ಬೇಕು, ಆದರೆ ಒಣಗಿಸುವ ರೀತಿ ಬದಲಾಗಬೇಕು. ಫ್ಯಾನ್ ಗಾಳಿಯಲ್ಲಿ ತೇವಾಂಶವನ್ನು 65ರಿಂದ 20ಕ್ಕೆ ಇಳಿಸಿ, ಕೊನೆಯಲ್ಲಿ ಮಾತ್ರ ಓವನ್ನಿಗೆ ಹಾಕಿದರೆ ಕೆಜಿಗೆ ಆರಿಸಬೇಕಾದ ನೀರು ಕಾಲು ಕೆಜಿ. ಅದೇ 8 ಕೆಜಿ 1.1ಕ್ಕೆ ಇಳಿಯುತ್ತದೆ. ಇದರಲ್ಲಿ ಕ್ರಿಮಿಶುದ್ಧಿಗೂ ಫ್ಯಾನಿಗೂ ಹೋದ ಶಕ್ತಿ ಸೇರಿಲ್ಲ, ಅದನ್ನೂ ಕೂಡಿಸಬೇಕು. ಗಾಳಿಗೆ ಬೇಗ ಆರಬೇಕಾದರೆ ಫಲಕ ತೆಳ್ಳಗಿರಬೇಕು, ಎರಡೂ ಮುಖ ತೆರೆದಿರಬೇಕು. ಅಂದರೆ ಕಾರ್ಬನ್ ಲೆಕ್ಕ ಹೋಗಿ ಆಕಾರದ ತೀರ್ಮಾನ ಆಯಿತು. ಈ ವೃತ್ತಿ ಅಂದರೆ ಇದೇ.

ಅಚ್ಚುಮನೆ:
ಮೇಲಿನ ಮಾತಿಗೆ ಪೂರ್ತಿ ಒಪ್ಪಿಗೆ. ಮೊದಲ ಪ್ರಾಜೆಕ್ಟ್‌ಗೆ ಕವಕಜಾಲದ ಫಲಕವೇ ಸರಿ. ಜೀನ್ ತಿದ್ದಬೇಕಿಲ್ಲ, ದೊಡ್ಡ ಲ್ಯಾಬ್ ಬೇಡ, ಮೂರು ನಾಲ್ಕು ವಾರದಲ್ಲಿ ಮುಗಿಯುತ್ತದೆ. ಅಳತೆ ಸಮೇತ ಕೊಡುತ್ತೇನೆ.

20 × 20 × 5 ಸೆಂ.ಮೀ. ಅಳತೆಯ ಮೂರು ಫಲಕಕ್ಕೆ: 2ರಿಂದ 3 ಸೆಂ.ಮೀ. ಉದ್ದಕ್ಕೆ ಕತ್ತರಿಸಿದ ಒಣ ಹುಲ್ಲು 675 ಗ್ರಾಂ, ಗೋಧಿ ತೌಡು 75 ಗ್ರಾಂ, ನೀರು 1.4 ಲೀಟರ್. ಮುಷ್ಟಿಯಲ್ಲಿ ಹಿಂಡಿದಾಗ ಎರಡು ಮೂರು ಹನಿ ಬಿದ್ದರೆ ಹದ ಸರಿ, ಧಾರೆ ಇಳಿದರೆ ನೀರು ಜಾಸ್ತಿ. ಶಾಖ ತಾಳುವ ಫಿಲ್ಟರ್ ಚೀಲಕ್ಕೆ ತುಂಬಿ 121 ಡಿಗ್ರಿಯಲ್ಲಿ 90 ನಿಮಿಷ ಆಟೋಕ್ಲೇವ್ ಮಾಡಿ, ಅಂದರೆ ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಿ ಮಾಡಿ. ಚೀಲದ ನಡುಭಾಗ 30 ಡಿಗ್ರಿಗಿಂತ ಕೆಳಗಿಳಿಯುವ ತನಕ ಬಿಡಬೇಕು. ಹೊರಗೆ ತಣ್ಣಗಿದ್ದರೂ ಒಳಗೆ ಬಿಸಿ ಇರುತ್ತದೆ, ಆ ಬಿಸಿಗೆ ಆಮೇಲೆ ಬೆರೆಸುವ ಅಣಬೆ ಬೀಜ (ಶಿಲೀಂಧ್ರ ಬೆಳೆಸಿದ ಕಾಳು) ಸಾಯುತ್ತದೆ. ನಂತರ ಒದ್ದೆ ತೂಕದ ನೂರಕ್ಕೆ 10ರಂತೆ, ಅಂದರೆ ಸುಮಾರು 215 ಗ್ರಾಂ ಅಣಬೆ ಬೀಜ ಬೆರೆಸಿ. ಗ್ಯಾನೋಡರ್ಮಾ ಜಾತಿಯ ಅಣಬೆ ಗಟ್ಟಿ ಚರ್ಮ ಕಟ್ಟುತ್ತದೆ. ಸಿಂಪಿ ಅಣಬೆ ಬೇಗ ಬೆಳೆಯುತ್ತದೆ, ಆದರೆ ತಡ ಮಾಡಿದರೆ ಅಣಬೆ ಬಿಟ್ಟೇ ಬಿಡುತ್ತದೆ.

25 ಡಿಗ್ರಿ ಆಸುಪಾಸು, ಕತ್ತಲಲ್ಲಿ, 7ರಿಂದ 10 ದಿನ. ಚೀಲ ಪೂರ್ತಿ ಬೆಳ್ಳಗಾದ ಮೇಲೆ ಕೈಗವಸು ಹಾಕಿ, 70 ಪರ್ಸೆಂಟ್ ಆಲ್ಕೋಹಾಲ್‌ನಲ್ಲಿ ಎಲ್ಲವನ್ನೂ ಒರೆಸಿ, ಒಳಗಿನದನ್ನು ಪುಡಿ ಮಾಡಿ. ಸುಮಾರು 40 ಗ್ರಾಂ ಗೋಧಿ ಹಿಟ್ಟು ಬೆರೆಸಿದರೆ ತುಂಡಾದ ಎಳೆಗಳು ಮತ್ತೆ ಬೇಗ ಕೂಡಿಕೊಳ್ಳುತ್ತವೆ. ಅಚ್ಚಿಗೆ ಮೂಲೆಯಿಂದ ಶುರು ಮಾಡಿ ಒತ್ತಿ ತುಂಬಬೇಕು. ನಡುವಿನಿಂದ ತುಂಬಿದರೆ ಮೂಲೆ ಟೊಳ್ಳು ಉಳಿಯುತ್ತದೆ, ಒಣಗಿದ ಮೇಲೆ ಉದುರುವುದೂ ಅಲ್ಲೇ. ಮೇಲೆ ಪ್ಲಾಸ್ಟಿಕ್ ಹಾಳೆ ಎಳೆದು 4–5 ಸೆಂ.ಮೀ.ಗೊಂದು ಸಣ್ಣ ತೂತು ಮಾಡಿ. 5ರಿಂದ 7 ದಿನ ಬಿಟ್ಟು ಅಚ್ಚಿನಿಂದ ತೆಗೆದು, ತೇವವಿರುವ ಡಬ್ಬಿಯಲ್ಲಿ ಮತ್ತೆ ಒಂದೆರಡು ದಿನ ಇಟ್ಟರೆ ಎಲ್ಲ ಮುಖಕ್ಕೂ ಚರ್ಮ ಬರುತ್ತದೆ. ಆಮೇಲೆ ಫ್ಯಾನ್ ಗಾಳಿ, ಕೊನೆಗೆ 70–80 ಡಿಗ್ರಿ ಓವನ್. ಎರಡು ತೂಕಗಳ ನಡುವೆ ವ್ಯತ್ಯಾಸ ನಿಂತರೆ ಒಣಗಿದೆ ಎಂದರ್ಥ. ಗಾಳಿಗೆ ಆರಿದ ಫಲಕದೊಳಗೆ ಶಿಲೀಂಧ್ರ ಜೀವಂತ ಇರಬಹುದು, ಆದ್ದರಿಂದ ಕೊನೆಯ ಬಿಸಿಯನ್ನು ಬಿಡುವಂತಿಲ್ಲ.

ಅಚ್ಚು ಮರದ್ದು ಬೇಡ, ಅದನ್ನೂ ತಿಂದು ಅಂಟಿಕೊಳ್ಳುತ್ತದೆ. ನಯವಾದ ಪ್ಲಾಸ್ಟಿಕ್ ಇರಲಿ, ಗೋಡೆಗಳು 3ರಿಂದ 5 ಡಿಗ್ರಿ ಹೊರಕ್ಕೆ ಓರೆ ಇರಲಿ. ತ್ರೀಡಿ ಪ್ರಿಂಟ್ ಮಾಡಿದ ಅಚ್ಚಾದರೆ ಒಳಮೈ ಉಜ್ಜಿ ನಯ ಮಾಡಿ. ಪದರಗಳ ಗೀರಿನಲ್ಲಿ ಎಳೆ ಹೊಕ್ಕು ಹಿಡಿದುಕೊಳ್ಳುತ್ತದೆ.

ಒಂದು ಮಾತು ಮರೆಯಬೇಡಿ: ಆಟೋಕ್ಲೇವ್, ಫ್ಯಾನ್, ಓವನ್ ಮೂರಕ್ಕೂ ಪ್ಲಗ್‌ನಲ್ಲಿ ಹಾಕುವ ವಿದ್ಯುತ್ ಮೀಟರ್ ಸಿಕ್ಕಿಸಿ, ಪ್ರತಿ ಹಂತದ ಯೂನಿಟ್ ಬರೆದಿಡಿ.

ಚಿಗುರು:
ಬಹಳ ಧನ್ಯವಾದ. ಕೆಡುವುದು ಸಾಮಾನ್ಯವಾಗಿ ಎಲ್ಲಿ? ಹೊರಗೆ ಬೆಳ್ಳಗಿದ್ದು ಒಳಗೆ ಕಂದು ಬಣ್ಣದ ಹುಲ್ಲು ಹಾಗೇ ಉಳಿದಿರುವ ಫೋಟೋಗಳನ್ನು ತುಂಬ ಕಡೆ ನೋಡಿದ್ದೇನೆ.

ಬೀಜಾಣು:
ಒಳಗೆ ಕಂದು ಉಳಿದರೆ ಆಮ್ಲಜನಕ ತಲುಪಿಲ್ಲ. ದಪ್ಪ 5–6 ಸೆಂ.ಮೀ. ದಾಟಿದಾಗ, ಇಲ್ಲವೇ ತುಂಬುವಾಗ ಬಲವಾಗಿ ಒತ್ತಿದಾಗ ಹೀಗಾಗುತ್ತದೆ. ದಪ್ಪ ಬೇಕೇ ಬೇಕಾದರೆ ನಡುವೆ ರಂಧ್ರವಿರುವ ಕೊಳವೆ ಹಾಯಿಸಿ, ಅಥವಾ ಎರಡು ತೆಳು ಫಲಕ ಬೆಳೆಸಿ ಹಸಿ ಇರುವಾಗಲೇ ಒಂದರ ಮೇಲೊಂದು ಇಟ್ಟು ಮೂರು ನಾಲ್ಕು ದಿನ ಬಿಡಿ, ತಾವೇ ಹೆಣೆದುಕೊಳ್ಳುತ್ತವೆ. ಅಂಟೇ ಬೇಡ.

ಹಸಿರು ಪುಡಿಯ ಹಾಗೆ ಕಂಡರೆ ಅದು ಟ್ರೈಕೋಡರ್ಮಾ ಎಂಬ ಬೇರೆ ಶಿಲೀಂಧ್ರದ ಸೋಂಕು. ಚೀಲ ತೆರೆಯದೆ ಹೊರಗೆ ಸಾಗಿಸಿ. ತೆರೆದರೆ ಕೋಣೆಯ ಉಳಿದ ಚೀಲಗಳಿಗೂ ಬೀಜಾಣು ಹರಡುತ್ತದೆ. ಹುಳಿ ವಾಸನೆ, ಲೋಳೆ ಇದ್ದರೆ ಬ್ಯಾಕ್ಟೀರಿಯಾ. ಕಾರಣ ಬಹುಪಾಲು ನೀರು ಹೆಚ್ಚಾದದ್ದು ಅಥವಾ ಶುದ್ಧೀಕರಣ ಸಾಲದ್ದು. ತೌಡು ಹೆಚ್ಚು ಹಾಕಿದಷ್ಟೂ ಎರಡೂ ಅಪಾಯ ಹೆಚ್ಚು, ಏಕೆಂದರೆ ಸುಲಭದ ಆಹಾರಕ್ಕೆ ಎಲ್ಲರೂ ಮುತ್ತುತ್ತಾರೆ. ಹಳದಿ ದ್ರವದ ಹನಿ ಕಂಡರೆ ಗಾಬರಿ ಬೇಡ, ಅದು ಶಿಲೀಂಧ್ರ ತಾನೇ ಬಿಡುವ ರಸ. ಜಾಸ್ತಿ ಬಂದರೆ ಮಾತ್ರ ಉಷ್ಣತೆಯೋ ಸೋಂಕೋ ಎಂದು ಪರೀಕ್ಷಿಸಿ.

ಚೀಲ ಒತ್ತೊತ್ತಾಗಿ ಪೇರಿಸಬೇಡಿ. ಬೆಳೆಯುವಾಗ ಶಿಲೀಂಧ್ರ ಶಾಖ ಬಿಡುತ್ತದೆ, ಕೋಣೆ 25 ಇದ್ದರೂ ಚೀಲದ ನಡುಭಾಗ ಅದಕ್ಕಿಂತ ಮೇಲಿರುತ್ತದೆ. ಲ್ಯಾಬಿನಿಂದ ಕಾರ್ಖಾನೆಗೆ ಹೋದಾಗ ಮೊದಲು ಎದುರಾಗುವ ತೊಂದರೆಯೂ ಇದೇ: ಗಾತ್ರ ಹೆಚ್ಚಿದಂತೆ ಶಾಖ ಹುಟ್ಟುವ ಪ್ರಮಾಣ ಏರುತ್ತದೆ, ಅದು ಹೊರಹೋಗುವ ಮೇಲ್ಮೈ ಅಷ್ಟೇ ವೇಗದಲ್ಲಿ ಏರುವುದಿಲ್ಲ.

ಸಿಂಪಿ ಅಣಬೆ ಬಿಡಲು ಶುರು ಮಾಡಿದ ಫಲಕದ ಹತ್ತಿರ ಮಾಸ್ಕ್ ಇಲ್ಲದೆ ಕೆಲಸ ಮಾಡಬೇಡಿ. ಆ ಬೀಜಾಣುಗಳು ಉಸಿರಾಟದ ಅಲರ್ಜಿ ತರುತ್ತವೆ.

ಸುಣ್ಣಕಲ್ಲು:
ಎಲ್ಲರೂ ಅಣಬೆಯನ್ನೇ ಹೇಳುತ್ತಿದ್ದೀರಿ. ಹವಾಮಾನದ ದೃಷ್ಟಿಯಿಂದ ದೊಡ್ಡ ಮೊತ್ತ ಇರುವುದು ಸಿಮೆಂಟಿನಲ್ಲಿ. ಜಗತ್ತಿನ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಶೇಕಡ 7–8 ಅಲ್ಲಿಂದಲೇ. ಸಿಮೆಂಟಿಗೆ ಪುಡಿ ಮಾಡುವ ಸುಟ್ಟ ಗಟ್ಟಿ, ಅಂದರೆ ಕ್ಲಿಂಕರ್, ಒಂದು ಕೆಜಿಗೆ ಸುಣ್ಣಕಲ್ಲಿನಿಂದಲೇ ಸುಮಾರು ಅರ್ಧ ಕೆಜಿ ಅನಿಲ ಏಳುತ್ತದೆ, ಇಂಧನದ್ದು ಬೇರೆ. ಸ್ಪೋರೋಸಾರ್ಸಿನಾ ಪಾಶ್ಚುರೈ ಬ್ಯಾಕ್ಟೀರಿಯಾ ಯೂರಿಯಾ ಒಡೆದು ಮರಳಿನ ಕಣಗಳ ನಡುವೆ ಕ್ಯಾಲ್ಸೈಟ್ (ಸುಣ್ಣಕಲ್ಲಿನ ಹರಳು) ಕಟ್ಟುತ್ತದೆ, ಭಟ್ಟಿಯೇ ಬೇಡ. ಬಯೋಟೆಕ್ ಓದಿದವರು ಇಲ್ಲಿಗೆ ಬರಬೇಕು.

ಕಾರ್ಬನ್ ಲೆಕ್ಕ:
ಭಟ್ಟಿ ಬೇಡ ಅನ್ನುವುದು ನಿಜ, ಆದರೆ ಸಮೀಕರಣವನ್ನು ಕೊನೆತನಕ ಬರೆಯಿರಿ. ಒಂದು ಕೆಜಿ ಕ್ಯಾಲ್ಸೈಟ್‌ಗೆ 600 ಗ್ರಾಂ ಯೂರಿಯಾ, 1.11 ಕೆಜಿ ಕ್ಯಾಲ್ಸಿಯಂ ಕ್ಲೋರೈಡ್ ಬೇಕು. ಜೊತೆಗೆ ಹುಟ್ಟುವುದು 1.07 ಕೆಜಿ ಅಮೋನಿಯಂ ಕ್ಲೋರೈಡ್. ಸಿಗುವ ವಸ್ತುವಿಗಿಂತ ತ್ಯಾಜ್ಯವೇ ಹೆಚ್ಚು. ಅದನ್ನು ತೊಳೆದು ಹಿಡಿದಿಡದಿದ್ದರೆ ಅಂತರ್ಜಲಕ್ಕೆ ಸಾರಜನಕ ಸೇರುತ್ತದೆ, ಕ್ಲೋರೈಡ್ ಉಳಿದರೆ ಕಬ್ಬಿಣದ ಸರಳು ತುಕ್ಕು ಹಿಡಿಯುತ್ತದೆ. ಕ್ಯಾಲ್ಸೈಟ್‌ನಲ್ಲಿ ಸೆರೆಯಾದ ಕಾರ್ಬನ್ ಗಾಳಿಯಿಂದ ಬಂದದ್ದೂ ಅಲ್ಲ, ಯೂರಿಯಾದಿಂದ ಬಂದದ್ದು. ಆ ಯೂರಿಯಾ ತಯಾರಾಗುವುದು ಬಹುಪಾಲು ನೈಸರ್ಗಿಕ ಅನಿಲ ಅಥವಾ ಕಲ್ಲಿದ್ದಲಿನಿಂದ. "ಗಾಳಿಯ ಕಾರ್ಬನ್ ಹೀರಿದ ಇಟ್ಟಿಗೆ" ಎಂದು ಪೋಸ್ಟರ್‌ನಲ್ಲಿ ಬರೆದರೆ ತಿಳಿದ ಪರೀಕ್ಷಕರು ಮೊದಲ ಪ್ರಶ್ನೆಯಲ್ಲೇ ಹಿಡಿಯುತ್ತಾರೆ.

ಸುಣ್ಣಕಲ್ಲು:
ಲೆಕ್ಕ ಸರಿಯಾಗಿದೆ, ಒಪ್ಪುತ್ತೇನೆ. ಆದರೆ ಅದು ಕೆಜಿಗೆ ಕೆಜಿಯ ಲೆಕ್ಕ. ಮೇಲೆ ನೀವೇ ಹೇಳಿದಂತೆ ಕೆಲಸಕ್ಕೆ ಕೆಲಸ ಹೋಲಿಸಿ. ಸಡಿಲ ಮರಳು ನೆಲ ಗಟ್ಟಿ ಮಾಡುವುದು, ದೂಳು ತಡೆಯುವುದು, ಕಾಂಕ್ರೀಟ್ ಬಿರುಕು ಮುಚ್ಚುವುದು, ಇಂಥ ಕಡೆ ಬೇಕಾಗುವ ಕ್ಯಾಲ್ಸೈಟ್ ಬಹಳ ಕಡಿಮೆ. ಬಿರುಕು ಮುಚ್ಚಿ ಕಟ್ಟಡದ ಆಯಸ್ಸು ಹೆಚ್ಚಿದರೆ ಹೊಸ ಸಿಮೆಂಟಿನ ಅಗತ್ಯವೇ ಮುಂದಕ್ಕೆ ಹೋಗುತ್ತದೆ. ಪೂರ್ತಿ ಇಟ್ಟಿಗೆಯನ್ನೇ ಹೀಗೆ ಕಟ್ಟುವುದಾದರೆ ಅಮೋನಿಯಂ ಹಿಡಿದು ಮರುಬಳಕೆ ಮಾಡುವ ವ್ಯವಸ್ಥೆ ಮೊದಲು ತೋರಿಸಬೇಕು, ಅದರಲ್ಲಿ ಎರಡು ಮಾತಿಲ್ಲ.

ಇದನ್ನು ಮಾಡಿ ನೋಡುವವರಿಗೆ ಒಂದು ಎಚ್ಚರಿಕೆ: ದ್ರಾವಣ ಒಳಹೋಗುವ ಬಾಯಲ್ಲೇ ಕ್ಯಾಲ್ಸೈಟ್ ಕಟ್ಟಿ ಮುಚ್ಚಿಕೊಳ್ಳುತ್ತದೆ, ಆ ಕಡೆಯ ಮರಳು ಸಡಿಲವಾಗಿಯೇ ಉಳಿಯುತ್ತದೆ. ಮೊದಲು ಬ್ಯಾಕ್ಟೀರಿಯಾ ಮಾತ್ರ ಹಾಯಿಸಿ ಕಣಗಳಿಗೆ ಅಂಟಲು ಸಮಯ ಕೊಡಿ, ಯೂರಿಯಾ–ಕ್ಯಾಲ್ಸಿಯಂ ದ್ರಾವಣ ಆಮೇಲೆ. ಸಾಂದ್ರತೆ ಕಡಿಮೆ ಇಟ್ಟು ಹೆಚ್ಚು ಸಲ ಹಾಯಿಸುವುದು ಒಳ್ಳೆಯದು.

ನೂಲೆಳೆ:
ಬಟ್ಟೆಯ ಕಡೆ ಹೋಗುವವರಿಗೆ ಎರಡು ಮಾತು. ಬ್ಯಾಕ್ಟೀರಿಯಾದ ಸೆಲ್ಯುಲೋಸ್ ಬೆಳೆಸುವುದು ಸುಲಭ. ಹೆಸ್ಟ್ರಿನ್–ಶ್ರಾಮ್ ಎಂಬ ಪೋಷಕ ದ್ರಾವಣದಲ್ಲಿ ಲೀಟರಿಗೆ ಗ್ಲೂಕೋಸ್ 20 ಗ್ರಾಂ, ಪೆಪ್ಟೋನ್ 5, ಯೀಸ್ಟ್ ಸಾರ 5, ಡೈಸೋಡಿಯಂ ಫಾಸ್ಫೇಟ್ 2.7, ಸಿಟ್ರಿಕ್ ಆಮ್ಲ 1.15 ಗ್ರಾಂ ಹಾಕಿ, ಬ್ಯಾಕ್ಟೀರಿಯಾ ಸೇರಿಸಿ, 28–30 ಡಿಗ್ರಿಯಲ್ಲಿ ಅಲುಗಾಡಿಸದೆ ಒಂದೆರಡು ವಾರ ಇಟ್ಟರೆ ಮೇಲೆ ಹಾಳೆ ಕಟ್ಟುತ್ತದೆ. ಪಾತ್ರೆ ಅಲುಗಿದರೆ ಹಾಳೆ ಕೆಳಕ್ಕೆ ಕುಸಿದು ಹೊಸ ಪದರ ಶುರುವಾಗುತ್ತದೆ, ಎರಡೂ ಗಟ್ಟಿಯಾಗಿ ಕೂಡುವುದಿಲ್ಲ. ತೆಗೆದ ಮೇಲೆ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ 80 ಡಿಗ್ರಿಗೆ ಬಿಸಿ ಮಾಡಿ ಜೀವಕೋಶ ತೆಗೆದು, ಪಿಎಚ್ 7ಕ್ಕೆ ಬರುವ ತನಕ ತೊಳೆಯಬೇಕು.

ಆದರೆ ಆ ಹಾಳೆಯಲ್ಲಿ ನೂರಕ್ಕೆ 98–99 ನೀರೇ. 99 ಎಂದು ಹಿಡಿದರೆ ಒಂದು ಕೆಜಿ ಒಣ ಹಾಳೆಗೆ 99 ಕೆಜಿ ನೀರು ಹೋಗಬೇಕು. ಒತ್ತುಯಂತ್ರದಲ್ಲಿ ನಿಧಾನಕ್ಕೆ ಹಿಂಡಿ ನೀರನ್ನು ನೂರಕ್ಕೆ 90ಕ್ಕೆ ತಂದರೆ ಆ 99ರಲ್ಲಿ 90 ಕೆಜಿ ಬಿಸಿಯಿಲ್ಲದೆ ಹೋಯಿತು. ಬೇಗ ಹಿಂಡಿದರೆ ಅಂಚು ಸೀಳುತ್ತದೆ. ಒಮ್ಮೆ ಪೂರ್ತಿ ಒಣಗಿದ ಹಾಳೆ ಮತ್ತೆ ನೆನೆಸಿದರೂ ಮೊದಲಿನಷ್ಟು ಉಬ್ಬುವುದಿಲ್ಲ, ಆದ್ದರಿಂದ ಮೆತ್ತಗಾಗಲು ಗ್ಲಿಸರಾಲ್ ಉಣಿಸುವುದು, ಆಕಾರ ಕೊಡುವುದು ಎಲ್ಲ ಹಸಿ ಇರುವಾಗಲೇ ಆಗಬೇಕು. ಗ್ಲಿಸರಾಲ್ ನೀರಿಗೆ ಕರಗಿ ಹೋಗುತ್ತದೆ. ಮಳೆಗೆ ಒಡ್ಡುವ ವಸ್ತುವಿಗೆ ಅದನ್ನೇ ನಂಬಬೇಡಿ.

ರೇಖೆ:
ಡಿಸೈನ್ ಬದಿಯಿಂದ ಹೇಳುವುದಿದೆ. ವಸ್ತುವಿನ ದೌರ್ಬಲ್ಯಕ್ಕೆ ಹೊಂದುವ ಉಪಯೋಗ ಹುಡುಕುವುದೇ ಇಲ್ಲಿ ಡಿಸೈನರ್ ಕೆಲಸ. 2014ರಲ್ಲಿ ನ್ಯೂಯಾರ್ಕಿನ ಮೋಮಾ ಪಿಎಸ್1 ಕಲಾಕೇಂದ್ರದ ಅಂಗಳದಲ್ಲಿ ಎದ್ದ ಹೈ-ಫೈ ಗೋಪುರವನ್ನು ನೋಡಿ. ದಿ ಲಿವಿಂಗ್ ಎಂಬ ತಂಡ ಸುಮಾರು 10,000 ಕವಕಜಾಲದ ಇಟ್ಟಿಗೆಗಳಿಂದ ಕಟ್ಟಿದ್ದು. ಅದು ಒಂದು ಬೇಸಿಗೆಯ ಮಟ್ಟಿಗೆ ನಿಲ್ಲಬೇಕಾದ ಕಟ್ಟಡ, ಆಮೇಲೆ ಗೊಬ್ಬರ. ಬೇಗ ಕೊಳೆಯುವ ಗುಣ ಅಲ್ಲಿ ದೋಷವಾಗದೆ ಅನುಕೂಲವೇ ಆಯಿತು. ಇದೇ ಇಟ್ಟಿಗೆಯನ್ನು ಶಾಶ್ವತ ಗೋಡೆಗೆ, ಅದೂ ಭಾರ ಹೊರುವ ಕಡೆ ಇಟ್ಟರೆ ತೇವ ಹೀರಿ ಹಾಳಾಗುತ್ತದೆ.

ಹಾಗೆಯೇ, ತೇವ ತಡೆಯಲೆಂದು ಪಾಲಿಯುರೆಥೇನ್ ಲೇಪ ಬಳಿದರೆ ಗೊಬ್ಬರವಾಗುವ ದಾರಿಯನ್ನು ನೀವೇ ಮುಚ್ಚಿದಿರಿ. ಕಾಂಪೋಸ್ಟ್ ಆಗುವ ಪ್ಯಾಕಿಂಗ್ ಎಂದು ಹೇಳಿಕೊಳ್ಳಲು ಯುರೋಪಿನ ಇಎನ್ 13432ರಂಥ ಮಾನದಂಡಗಳಿವೆ: ಆರು ತಿಂಗಳೊಳಗೆ ಶೇಕಡ 90 ಜೈವಿಕವಾಗಿ ಒಡೆಯಬೇಕು, 12 ವಾರದ ನಂತರ 2 ಮಿ.ಮೀ. ಜರಡಿಯ ಮೇಲೆ ಶೇಕಡ 10ಕ್ಕಿಂತ ಹೆಚ್ಚು ಉಳಿಯಬಾರದು, ಭಾರಲೋಹ ಮಿತಿಯೊಳಗೆ ಇರಬೇಕು. ಇದು ಕೈಗಾರಿಕಾ ಕಾಂಪೋಸ್ಟ್ ಘಟಕದ ಪರೀಕ್ಷೆ. ಹಿತ್ತಲ ಗುಂಡಿಗೆ ಅನ್ವಯಿಸುವುದಿಲ್ಲ. ಗಾಳಿಯಾಡದ ಕಸದ ರಾಶಿಗೆ ಸೇರಿದರೆ ಮೀಥೇನ್ ಬರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 27 ಪಟ್ಟು ತೀವ್ರ. ಬಳಸಿದವರು ಎಲ್ಲಿ ಎಸೆಯುತ್ತಾರೆ ಎಂಬುದೂ ಡಿಸೈನ್‌ನ ಭಾಗ.

ಚಿಗುರು:
ಈಗ ಚಿತ್ರ ಸ್ಪಷ್ಟವಾಗುತ್ತಿದೆ. ಹಾಗಾದರೆ ಪದವಿ ವಿಚಾರ? ಕೆಲಸಕ್ಕೆ ಯಾವ ಹೆಸರಿನಲ್ಲಿ ಹುಡುಕಬೇಕು?

ಅಚ್ಚುಮನೆ:
"ಬಯೋಡಿಸೈನರ್" ಎಂದು ಹುಡುಕಿದರೆ ಸಿಗುವುದು ಕಡಿಮೆ. ಪ್ರೋಸೆಸ್ ಡೆವಲಪ್‌ಮೆಂಟ್, ಅಪ್ಲಿಕೇಶನ್ ಎಂಜಿನಿಯರ್, ಮೆಟೀರಿಯಲ್ ರಿಸರ್ಚ್, ಎಲ್‌ಸಿಎ (ವಸ್ತುವಿನ ಹುಟ್ಟಿನಿಂದ ಕೊನೆತನಕದ ಪರಿಸರ ಪರಿಣಾಮದ ಲೆಕ್ಕ) ಅನಲಿಸ್ಟ್, ಟೆಕ್ನೋ-ಎಕನಾಮಿಕ್ ಅನಲಿಸ್ಟ್ ಎಂಬ ಹೆಸರುಗಳಲ್ಲಿ ಹುಡುಕಿ. ಇವುಗಳಲ್ಲಿ ಅಪ್ಲಿಕೇಶನ್ ಎಂಜಿನಿಯರ್ ಕೆಲಸ ನೀವು ಕೇಳಿದ್ದಕ್ಕೆ ಅತಿ ಹತ್ತಿರ. ಗ್ರಾಹಕನಿಗೆ ಬೇಕಾದ ಗುಣ ಏನು, ನಮ್ಮ ವಸ್ತು ಅದಕ್ಕೆ ಎಷ್ಟು ದೂರ, ತಳಿ ಬದಲಿಸಬೇಕೋ ಅಚ್ಚು ಬದಲಿಸಬೇಕೋ ಎಂದು ತೀರ್ಮಾನಿಸುವವರು ಅವರೇ.

ಪದವಿ ಕಡ್ಡಾಯ ಅಲ್ಲ, ಆದರೆ ಒಂದು ಕಾಲು ಗಟ್ಟಿ ನೆಲದ ಮೇಲಿರಬೇಕು. ನಿಮಗೆ ಬಯೋಟೆಕ್ ಇದೆ, ಅದನ್ನು ಬಿಡಬೇಡಿ. ಅದರ ಮೇಲೆ ಕ್ಯಾಡ್ (ಕಂಪ್ಯೂಟರ್‌ನಲ್ಲಿ ಆಕಾರ ಬಿಡಿಸುವುದು) ಮತ್ತು ಅಚ್ಚು ಮಾಡುವುದು, ವಸ್ತು ಪರೀಕ್ಷೆ, ಎಲ್‌ಸಿಎ ಸೇರಿಸಿ. ಎಲ್‌ಸಿಎಗೆ ಓಪನ್‌ಎಲ್‌ಸಿಎ ತಂತ್ರಾಂಶ ಉಚಿತ. ಐಎಸ್‌ಒ 14040 ಮತ್ತು 14044 ಎಂಬ ಅಂತರರಾಷ್ಟ್ರೀಯ ಮಾನದಂಡಗಳು ಹೇಳುವ ನಾಲ್ಕು ಹಂತಗಳನ್ನು ನಿಮ್ಮ ಫಲಕದ ಮೇಲೆಯೇ ಮಾಡಿ ಕಲಿಯಿರಿ. ತಂಡದಲ್ಲಿ ಕಲಿಯಬೇಕೆಂದರೆ ಐಜೆಮ್ ಮತ್ತು ಬಯೋಡಿಸೈನ್ ಚಾಲೆಂಜ್ ಸ್ಪರ್ಧೆಗಳಿವೆ. ಲಂಡನ್ನಿನ ಸೆಂಟ್ರಲ್ ಸೇಂಟ್ ಮಾರ್ಟಿನ್ಸ್‌ನಲ್ಲಿ ಬಯೋಡಿಸೈನ್ ಸ್ನಾತಕೋತ್ತರ ಕೋರ್ಸೇ ಇದೆ.

ಒಂದು ವಾಸ್ತವವನ್ನೂ ಹೇಳಬೇಕು. ಈ ಕ್ಷೇತ್ರದ ಕಂಪನಿಗಳು ಹೂಡಿಕೆಯ ಮೇಲೆ ನಿಂತಿವೆ. ಬೋಲ್ಟ್ ಥ್ರೆಡ್ಸ್ ತನ್ನ ಕವಕಜಾಲದ ಚರ್ಮ ಮೈಲೋ ತಯಾರಿಕೆಯನ್ನು 2023ರಲ್ಲಿ ನಿಲ್ಲಿಸಿತು. ಹೆಸರುವಾಸಿ ಬ್ರ್ಯಾಂಡುಗಳು ಜೊತೆಗಿದ್ದರೂ ಉತ್ಪಾದನೆ ಹಿಗ್ಗಿಸುವಷ್ಟು ಹಣ ಒದಗಲಿಲ್ಲ. ಆದ್ದರಿಂದ ಒಂದೇ ವಸ್ತುವಿಗೆ ಕಟ್ಟುಬೀಳದ ಕೌಶಲ ಇರಲಿ. ಒಣಗಿಸುವ ಲೆಕ್ಕ, ಸೋಂಕು ತಡೆ, ಸ್ಕೇಲ್-ಅಪ್ ತಿಳಿದವರಿಗೆ ಪಕ್ಕದ ಉದ್ಯಮದಲ್ಲೂ ಕೆಲಸ ಸಿಗುತ್ತದೆ.

ಬೀಜಾಣು:
ನಿಯಮದ ವಿಚಾರ ಯಾರೂ ಎತ್ತಲಿಲ್ಲ. ಕಾಡಿನಿಂದ ತಂದ ತಳಿಯ ಮೇಲೆ ಉತ್ಪನ್ನ ಕಟ್ಟುವುದಾದರೆ ನಗೋಯಾ ಒಪ್ಪಂದ ಅನ್ವಯಿಸಬಹುದು. 2014ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದದ್ದು. ಆ ಜೀವಿ ಯಾವ ದೇಶದ್ದೋ ಅಲ್ಲಿಯ ಅನುಮತಿ, ಲಾಭ ಹಂಚಿಕೆಯ ಒಪ್ಪಂದ ಬೇಕಾಗುತ್ತದೆ. ತಳಿಯನ್ನು ಎಲ್ಲಿಂದ, ಯಾವಾಗ, ಯಾವ ಕಾಗದದೊಂದಿಗೆ ತಂದಿರಿ ಎಂಬುದು ಮೊದಲ ದಿನದಿಂದಲೇ ದಾಖಲಾಗಿರಲಿ. ಗುರುತಿರುವ ತಳಿ ಸಂಗ್ರಹಾಲಯದಿಂದ ತಂದರೆ ಆ ಕಾಗದ ಸಾಮಾನ್ಯವಾಗಿ ಜೊತೆಗೇ ಬರುತ್ತದೆ. ಜೀನ್ ತಿದ್ದಿದ ಜೀವಿಯಾದರೆ ಲ್ಯಾಬಿನಿಂದ ಹೊರಗೆ, ಪ್ರದರ್ಶನಕ್ಕೂ ಸಹ, ಸತ್ತಿರುವುದು ಪರೀಕ್ಷೆಯಲ್ಲಿ ಖಚಿತವಾಗದೆ, ಅನುಮತಿಯಿಲ್ಲದೆ ಒಯ್ಯುವಂತಿಲ್ಲ.

ಚಿಗುರು:
ಕೊನೆಯದೊಂದು ಕೇಳುತ್ತೇನೆ. ಪೋರ್ಟ್‌ಫೋಲಿಯೋದಲ್ಲಿ ಫಲಕದ ಬಗ್ಗೆ ಏನೇನು ಇರಬೇಕು?

ಕಾರ್ಬನ್ ಲೆಕ್ಕ:
ಎರಡು ಪುಟ ಸಾಕು. ಒಂದರಲ್ಲಿ ಚಿತ್ರ: ಕತ್ತರಿಸಿದ ಅಡ್ಡಮೈ ಸಮೇತ, ಏಕೆಂದರೆ ಹೊರಮೈ ಎಲ್ಲರದ್ದೂ ಚೆನ್ನಾಗಿಯೇ ಕಾಣುತ್ತದೆ. ಇನ್ನೊಂದರಲ್ಲಿ ಅಂಕಿ. ತಳಿ, ಮಿಶ್ರಣ, ತೇವಾಂಶ, ದಿನ, ಉಷ್ಣತೆ. ಒಣ ಸಾಂದ್ರತೆ. ಒಣಗುವಾಗ ಮೂರೂ ದಿಕ್ಕಿನಲ್ಲಿ ಎಷ್ಟು ಕುಗ್ಗಿತು. ಐಎಸ್‌ಒ 844ರ ಪ್ರಕಾರ ಒತ್ತಡ ಪರೀಕ್ಷೆ: 10 × 10 × 5 ಸೆಂ.ಮೀ. ತುಂಡು, ಕನಿಷ್ಠ ಐದು, ಶೇಕಡ 10 ಕುಗ್ಗಿದಾಗಿನ ಒತ್ತಡ. ಪರೀಕ್ಷೆಗೆ ಮುಂಚೆ 23 ಡಿಗ್ರಿ, ಶೇಕಡ 50 ಆರ್ದ್ರತೆಯಲ್ಲಿ ತೂಕ ಸ್ಥಿರವಾಗುವ ತನಕ ಇಟ್ಟಿರಬೇಕು. ಇಲ್ಲದಿದ್ದರೆ ಒದ್ದೆ ತುಂಡು ಮೆತ್ತಗೆ, ಒಣ ತುಂಡು ಗಡುಸು ಎಂದು ಬಂದು ಹೋಲಿಕೆಯೇ ಆಗದು. 24 ಗಂಟೆ ನೀರಿನಲ್ಲಿಟ್ಟಾಗ ಹೀರಿದ ತೂಕ. ಸರಾಸರಿಯ ಜೊತೆ ಏರಿಳಿತವನ್ನೂ ಕೊಡಿ.

ಹುಲ್ಲು ಮತ್ತು ತೌಡಿನ ಆರಂಭದ ಒಣ ತೂಕ, ಕೊನೆಯ ಒಣ ತೂಕ ಎರಡನ್ನೂ ಬರೆಯಿರಿ. ನಡುವೆ ಕಳೆದದ್ದನ್ನು ಶಿಲೀಂಧ್ರ ಉಸಿರಾಗಿ ಬಿಟ್ಟಿದೆ. ಬೀಜದ ಒಣ ತೂಕ, ಬೆರೆಸಿದ ಹಿಟ್ಟು ಆರಂಭದ ಲೆಕ್ಕಕ್ಕೆ ಸೇರಿರಲಿ, ಇಲ್ಲದಿದ್ದರೆ ನಷ್ಟ ಕಡಿಮೆ ತೋರುತ್ತದೆ. ಕೊನೆಗೆ ಹಂತ ಹಂತದ ವಿದ್ಯುತ್: ಕ್ರಿಮಿಶುದ್ಧಿ, ಬೆಳೆಸುವ ಕೋಣೆ, ಫ್ಯಾನ್, ಓವನ್. ಓವನ್ ಅರ್ಧ ಖಾಲಿ ಓಡಿದ್ದರೆ ಅದನ್ನೂ ಬರೆಯಿರಿ, ತುಂಬಿ ಓಡಿಸಿದಾಗಿನ ಅಂಕಿಯನ್ನು ಪಕ್ಕದಲ್ಲಿಡಿ.

ಅಚ್ಚುಮನೆ:
ಕೆಟ್ಟುಹೋದ ಫಲಕಗಳ ಸಂಖ್ಯೆಯೂ ಆ ಪುಟದಲ್ಲಿರಲಿ. ಹತ್ತರಲ್ಲಿ ಮೂರು ಸೋಂಕಿಗೆ ಹೋದರೆ ಉಳಿದ ಏಳರ ಮೇಲೆ ಹತ್ತರ ವಿದ್ಯುತ್ ಬೀಳುತ್ತದೆ, ಕಾರ್ಬನ್ ಲೆಕ್ಕವೂ ಅಷ್ಟಕ್ಕೇ ಏರುತ್ತದೆ. ಸಂದರ್ಶನದಲ್ಲಿ ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.